ಸೋಮವಾರದ ಹಾಲು

ನಮ್ಮ ಮನೆಯಲ್ಲಿ ತುಪ್ಪದ ಮಾತು ಬಂದರೆ ನಾನು ಎದ್ದು ಬೇರೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. ಗಂಡನಿಗೆ ಕಾರಣ ಗೊತ್ತು, ಸುಮ್ಮನಿರುತ್ತಾರೆ. ಮಗಳಿಗೆ ಗೊತ್ತಿಲ್ಲ. ಅವಳಿಗಿನ್ನೂ ಒಂಬತ್ತು ವರ್ಷ, ಅಮ್ಮನ ಬಗ್ಗೆ ಒಳ್ಳೆಯ ಅಭಿಪ್ರಾಯವಿದೆ. ಇನ್ನೊಂದಷ್ಟು ದಿನ ಇರಲಿ ಎಂದು ನಾನೂ ಬಾಯಿ ಬಿಟ್ಟಿಲ್ಲ. ಆದರೆ ಹಾಲಿನ ವಿಷಯದಲ್ಲಿ ನಾನು ಮಾಡಿದ್ದನ್ನು ಹೇಳಬೇಕಾದವರ ಎದುರಿಗೆ ಕೂತಾಗಲೂ ಹೇಳಲಿಲ್ಲವಲ್ಲ, ಅದು ಎದೆಯಲ್ಲಿ ಹಾಗೇ ಉಳಿದಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಕೊಳ್ಳೇಗಾಲದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಗಂಡನಿಗೆ ಸೀರೆ ಅಂಗಡಿಯಲ್ಲಿ ಕೆಲಸ. ನಾನು ಹನೂರಿನ ದಾರಿಯಲ್ಲಿರುವ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಟೀಚರು. ಮಗಳು ಹುಟ್ಟಿದಾಗಿನಿಂದಲೂ ಕಡ್ಡಿಯ ಹಾಗೆ. ಯೂನಿಫಾರ್ಮಿನ ಲಂಗವನ್ನು ಎರಡು ಸಲ ಮಡಿಸಿ ಪಿನ್ ಹಾಕಬೇಕು. ಹೋದ ವರ್ಷ ಜ್ವರ ಬಂದು ಆಸ್ಪತ್ರೆಗೆ ಕರೆದೊಯ್ದಾಗ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಆಮೇಲೆ ನನ್ನನ್ನು ನೋಡಿದರು. ಔಷಧಿ ಏನೂ ಬೇಡ, ಹಾಲು ಮೊಟ್ಟೆ ಕಾಳು ಸೊಪ್ಪು ಚೆನ್ನಾಗಿ ಕೊಡಿ, ಕೆಲವು ತಿಂಗಳು ಬಿಟ್ಟು ನೋಡೋಣ ಎಂದರು. ಅವರು ಬೈಯಲಿಲ್ಲ. ಆದರೆ ನೋಡಿದರಲ್ಲ, ಅದೇ ನನಗೆ ಬೈಗುಳದಂತೆ ಕಂಡಿತು.

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಮೊದಲೇ ನನಗೆ ಹಟ ಜಾಸ್ತಿ, ಯಾವುದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಸಂಬಳ ಬಂದ ದಿನ ಮೊದಲು ಅಡುಗೆಮನೆ, ಮಿಕ್ಕಿದ್ದೆಲ್ಲ ಆಮೇಲೆ ಎಂದು ಕಟ್ಟಪ್ಪಣೆ ಮಾಡಿದೆ. ಟಿವಿಯ ಕೇಬಲ್ಲು ಹೋಯಿತು. ಬಿಸ್ಕತ್ತು, ಚಿಪ್ಸು, ಸಂಜೆಯ ಬೇಕರಿ ಹೋಯಿತು. ನಾನು ವರ್ಷಕ್ಕೆ ಎರಡು ಸೀರೆ ಕೊಳ್ಳುತ್ತಿದ್ದವಳು ಒಂದೂ ಕೊಳ್ಳಲಿಲ್ಲ, ಅದೂ ಸೀರೆ ಅಂಗಡಿಯವನ ಹೆಂಡತಿ. ಅದರ ಬದಲಿಗೆ ಹನೂರಿನ ಸಂತೆಯಿಂದ ರೈತರೇ ತಂದು ಸುರಿದ ರಾಗಿ ಬಂತು. ಗಾಣದ ಕಡಲೆಕಾಯಿ ಎಣ್ಣೆ ಬಂತು. ಕುಂತೂರಿನ ಕಡೆಯ ಆಲೆಮನೆಯಿಂದ ಕಪ್ಪನೆಯ ಬೆಲ್ಲ, ಯಾರದೋ ಹಿತ್ತಲಿನ ನಾಟಿ ಮೊಟ್ಟೆ, ಬೆಟ್ಟದ ಜೇನು. ಅಂಗಡಿಯ ಪ್ಯಾಕೆಟ್ಟು ನಮ್ಮ ಹೊಸ್ತಿಲು ದಾಟಬಾರದು ಎಂದು ಗಂಡನಿಗೆ ತಾಕೀತು ಮಾಡಿದೆ. ಅವರು ಪಾಪ, ಅಂಗಡಿಯ ಎದುರಿನ ಹೋಟೆಲಿನಲ್ಲಿ ಕದ್ದು ಟೀ ಕುಡಿದು ಬಂದು ಬಾಯಿ ತೊಳೆದುಕೊಳ್ಳುತ್ತಿದ್ದರು.

ಮಾಡಿದ್ದನ್ನು ಮಾಡಿ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಉಪದೇಶ ಮಾಡುವ ಚಪಲ ಬೇರೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಪ್ಯಾಕೆಟ್ ಹಾಲಿನ ಕಾಫಿ ಮಾಡಿದರೆ ಮೂಗು ಮುರಿಯುತ್ತಿದ್ದೆ. ದುಡ್ಡಿಲ್ಲ ಅನ್ನುವುದು ನೆಪ, ಯಾವುದು ಮೊದಲು ಎಂದು ತಿಳಿದುಕೊಂಡರೆ ಬಡವರೂ ಒಳ್ಳೆಯದನ್ನೇ ತಿನ್ನಬಹುದು ಎಂದು ಭಾಷಣ ಬಿಗಿಯುತ್ತಿದ್ದೆ. ಆ ಮಾತುಗಳು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಹಾಲಿಗೆ ಒಂದು ಮನೆ ಸಿಕ್ಕಿತ್ತು. ಶಾಲೆಗೂ ಕೊಳ್ಳೇಗಾಲಕ್ಕೂ ನಡುವೆ ರಸ್ತೆಯ ಬದಿಗೇ ಇರುವ ಊರು, ಊರಿನ ಮೊದಲ ಮನೆ. ಎರಡು ನಾಟಿ ಹಸು. ಮನೆಯಾಕೆಗೆ ನನಗಿಂತ ಹತ್ತು ವರ್ಷ ಹೆಚ್ಚಿರಬಹುದು. ನಾನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಟೀಚರಮ್ಮ ಅನ್ನುತ್ತಿದ್ದಳು. ಸಂಜೆ ಶಾಲೆ ಬಿಟ್ಟು ಬರುವಾಗ ಸ್ಕೂಟರ್ ನಿಲ್ಲಿಸಿ, ಕಣ್ಣೆದುರಿಗೇ ಕರೆದ ಹಾಲನ್ನು ಅರ್ಧ ಲೀಟರ್ ಹಾಕಿಸಿಕೊಂಡು ಬರುತ್ತಿದ್ದೆ. ನೀರಿನ ಹನಿ ಬೆರೆಸಿದವಳಲ್ಲ. ಅಳತೆಗೆ ಹಾಕಿದ ಮೇಲೆ ಒಂದು ಸೌಟು ಕೊಸರು ಹಾಕದೆ ಕಳಿಸಿದವಳೂ ಅಲ್ಲ. ಡೈರಿಯವರು ಕೊಡುವುದಕ್ಕಿಂತ ಹೆಚ್ಚು ದುಡ್ಡು ಕೊಡಬೇಕಿತ್ತು. ಆದರೂ ಕೊಡುತ್ತಿದ್ದೆ, ಹಾಗೆ ಕೊಡುವುದರಲ್ಲಿ ನನಗೊಂದು ಹೆಮ್ಮೆಯೂ ಇತ್ತು.

ಮೊದಲ ಸೋಮವಾರ ಹಾಲು ಹಾಕಿಸಿಕೊಂಡು ದುಡ್ಡಿನ ಲೆಕ್ಕಕ್ಕೆ ಸೇರಿಸಿಕೋ ಅಕ್ಕ ಎಂದಾಗ ಅವಳು ತಲೆಯಾಡಿಸಿದಳು. ಅವರ ಮನೆಯಲ್ಲಿ ಸೋಮವಾರ ಸಂಜೆ ಕರೆದ ಹಾಲು ಮಾದಪ್ಪನ ಮೀಸಲಂತೆ. ಅದನ್ನು ಮಾರುವುದಿಲ್ಲ, ಡೈರಿಗೂ ಹಾಕುವುದಿಲ್ಲ. ಒಂದು ಚಮಚ ದೇವರ ಮುಂದಿಟ್ಟು, ಮಿಕ್ಕಿದ್ದನ್ನು ಹಸು ಇಲ್ಲದ ಮನೆಯವರಿಗೆ, ಕೂಸಿರುವವರಿಗೆ, ಬಾಣಂತಿಗೆ, ಮುದುಕರಿಗೆ ಹಾಕಿಕೊಡುತ್ತಾರೆ. ಕೇಳಿ ಬಂದವರಿಗೆ ಆ ದಿನ ಇಲ್ಲ ಅನ್ನುವ ಹಾಗಿಲ್ಲ. ತೆಗೆದುಕೊಂಡವರು ಹಾಲಾಗಿಯೇ ಕುಡಿಯಬೇಕು, ಹೆಪ್ಪು ಹಾಕಬಾರದು, ಕಡೆಯಬಾರದು.

ನನಗೆ ಇದು ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ನಮ್ಮ ಅಜ್ಜಿಯ ಊರು ಯಳಂದೂರಿನ ಹತ್ತಿರ, ಅಲ್ಲೂ ಇದೇ ನೇಮ ಇತ್ತು. ನಾನು ಏಳೆಂಟು ವರ್ಷದವಳಿದ್ದಾಗ ಅಮ್ಮನನ್ನು ಅನುಕರಿಸುತ್ತಾ ಸೋಮವಾರದ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟುಬಿಟ್ಟಿದ್ದೆ. ಅಜ್ಜಿ ಹೊಡೆಯಲಿಲ್ಲ. ಇಡೀ ಪಾತ್ರೆಯನ್ನು ತುಳಸಿಯ ಬುಡಕ್ಕೆ ಸುರಿದು, ಆ ರಾತ್ರಿ ತಾನು ಊಟ ಬಿಟ್ಟಳು. ಅಜ್ಜಿ ಊಟ ಬಿಟ್ಟಿದ್ದು ನನ್ನಿಂದ ಎಂದು ಮನೆಯವರೆಲ್ಲ ಹೇಳಿ ಹೇಳಿ ನನಗೆ ಅದು ಚೆನ್ನಾಗಿಯೇ ನೆನಪಿದೆ.

ಆಷಾಢ ಬಂತು. ಮದುವೆಗಳಿಲ್ಲ, ಸೀರೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಗಂಡನಿಗೆ ಆ ತಿಂಗಳು ಅರ್ಧ ಸಂಬಳ ಬಂತು. ನಮ್ಮ ಶಾಲೆಯಲ್ಲೂ ಫೀಸು ಬಂದಿಲ್ಲವೆಂದು ನಮ್ಮದನ್ನು ತಡೆಹಿಡಿದರು. ನಾನು ಕೂತು ಯೋಚಿಸಿದೆ. ಪ್ಯಾಕೆಟ್ ಹಾಲಿಗೆ ಇಳಿಯಬಹುದಿತ್ತು, ಎಲ್ಲರೂ ಇಳಿಯುವುದು ಅಲ್ಲಿಗೇ. ನನ್ನ ಮರ್ಯಾದೆ ಒಪ್ಪಲಿಲ್ಲ. ಸ್ಟಾಫ್ ರೂಮಿನಲ್ಲಿ ಅಷ್ಟು ಕೊಚ್ಚಿಕೊಂಡ ಮೇಲೆ ಹೇಗೆ ಇಳಿಯುವುದು? ಆಗ ಸೋಮವಾರ ನೆನಪಾಯಿತು.

ಮಾರನೆಯ ದಿನ ಅಕ್ಕನಿಗೆ ಸುಳ್ಳು ಹೇಳಿದೆ. ಮಗಳಿಗೆ ನೆಗಡಿ ಹಿಡಿದಿದೆ, ಸ್ವಲ್ಪ ದಿನ ಹಾಲು ಬೇಡ ಎಂದಿದ್ದಾರೆ ಡಾಕ್ಟರು ಎಂದೆ. ಅವಳು ತುಳಸಿ, ಮೆಣಸು, ವೀಳ್ಯದೆಲೆ ಎಂದು ಕಷಾಯದ ಕ್ರಮ ಹೇಳಿ, ಹಿತ್ತಲಿನಿಂದ ಎಲೆಯನ್ನೂ ಕಿತ್ತುಕೊಟ್ಟಳು. ಸೋಮವಾರ ಸಂಜೆ ನಾನು ಒಂದು ಲೀಟರಿನ ಕ್ಯಾನ್ ಹಿಡಿದು ಹಾಜರಾದೆ. ನೆಗಡಿ ವಾಸಿಯಾಯಿತಾ ಎಂದು ಕೇಳಿ ತುಂಬಿಸಿಕೊಟ್ಟಳು. ಮಂಗಳವಾರ ಮತ್ತೆ ನೆಗಡಿ. ಮುಂದಿನ ಸೋಮವಾರ ಮತ್ತೆ ವಾಸಿ. ಸೋಮವಾರ ಬಂದರೆ ಬಿಡುವ, ಮಂಗಳವಾರ ಹಿಡಿಯುವ ನೆಗಡಿ ಯಾವ ಮಗುವಿಗೂ ಬರುವುದಿಲ್ಲ ಎಂದು ಅವಳಿಗೆ ತಿಳಿಯದೆ ಇದ್ದೀತೇ? ಆದರೂ ಪ್ರತಿ ವಾರ ಕೇಳುತ್ತಿದ್ದಳು, ನಾನು ಪ್ರತಿ ವಾರ ಉತ್ತರ ಕೊಡುತ್ತಿದ್ದೆ. ಮೂರನೆಯ ವಾರಕ್ಕೆ ಎರಡು ಲೀಟರಿನ ಕ್ಯಾನ್ ತೆಗೆದುಕೊಂಡು ಹೋದೆ. ಆಷಾಢ ಮುಗಿದು ಸಂಬಳ ಸರಿಹೋದ ಮೇಲೂ ಅದೇ ಕ್ಯಾನ್ ಮುಂದುವರಿಯಿತು.

ಎರಡು ಲೀಟರ್ ಹಾಲನ್ನು ಒಂದು ಮಗು ಒಂದೇ ದಿನ ಕುಡಿಯುವುದಿಲ್ಲ. ವಾರವಿಡೀ ಇಟ್ಟರೆ ಒಡೆಯುತ್ತದೆ. ಕಾಯಿಸಿ, ಅವಳಿಗೆ ಎರಡು ಲೋಟ ಕೊಟ್ಟು, ಮಿಕ್ಕಿದ್ದರ ಕೆನೆ ತೆಗೆದು ಹೆಪ್ಪು ಹಾಕಿದೆ. ಮೊದಲ ಸಲ ಮಜ್ಜಿಗೆಯ ಚಮಚ ಹಿಡಿದಾಗ ಅಜ್ಜಿ ನೆನಪಾದಳು. ಕೈ ಒಂದು ಗಳಿಗೆ ನಿಂತಿತು. ಎರಡನೆಯ ಸಲ ನಿಲ್ಲಲಿಲ್ಲ. ಮೊಸರಾಯಿತು, ಬೆಣ್ಣೆಯಾಯಿತು, ಎರಡು ಮೂರು ವಾರದ ಬೆಣ್ಣೆ ಸೇರಿ ತುಪ್ಪವಾಯಿತು. ಅಂಥ ತುಪ್ಪ ಕೊಳ್ಳಲು ನಮ್ಮಂಥವರ ಕೈಲಿ ಎಲ್ಲಿ ಆಗುತ್ತದೆ? ಹಳದಿ ಬಣ್ಣ, ಹರಳು ಹರಳು. ಒಂದು ಡಬ್ಬಿಯನ್ನು ಸ್ಟಾಫ್ ರೂಮಿಗೂ ತಂದು ಎಲ್ಲರ ಅನ್ನಕ್ಕೂ ಒಂದೊಂದು ಚಮಚ ಹಾಕಿದೆ. ಎಷ್ಟಾಯಿತು ಎಂದು ಕೇಳಿದವರಿಗೆ, ಯಾವುದು ಮೊದಲು ಎಂದು ತಿಳಿದುಕೊಂಡರೆ ಎಲ್ಲವೂ ಕೈಗೆಟುಕುತ್ತದೆ ಎಂದು ಹೇಳಿ ಬೀಗಿದೆ.

ಈಗ ಇನ್ನೊಬ್ಬ ಅಜ್ಜಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಬೇಕೆಂದೇ ತಡ ಮಾಡಿದೆ. ಅಕ್ಕನ ಊರಿನವಳೇ, ಕಬ್ಬಿನ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಮಗಳು ಹೆರಿಗೆಗೆ ಬಂದು ಬಾಣಂತಿಯಾಗಿ ಮನೆಯಲ್ಲಿದ್ದಳು, ಎದೆಹಾಲು ಸಾಲುತ್ತಿರಲಿಲ್ಲ. ಅಜ್ಜಿ ಸೋಮವಾರ ಕೆಲಸ ಮುಗಿಸಿ, ಕೈಕಾಲು ತೊಳೆದು, ಚೊಂಬು ಹಿಡಿದು ಬರುವ ಹೊತ್ತಿಗೆ ಆರು ಗಂಟೆ. ನಾನು ಐದಕ್ಕೇ ಬಂದಿರುತ್ತಿದ್ದೆ. ದೂರ ಹೋಗಬೇಕಾದವರು ಎಂದು ಅಕ್ಕ ನನ್ನ ಕ್ಯಾನಿಗೇ ಮೊದಲು ಹಾಕುತ್ತಿದ್ದಳು. ಹಸುಗಳಲ್ಲಿ ಒಂದು ಬತ್ತುತ್ತಾ ಬಂದಿತ್ತು. ಒಂದು ಸೋಮವಾರ ಶಾಲೆಯಲ್ಲಿ ಮೀಟಿಂಗ್ ಇದ್ದು ತಡವಾಗಿ ಹೋದೆ, ಅಜ್ಜಿಯೂ ಅಲ್ಲೇ ಇದ್ದಳು. ಅವತ್ತೂ ಅಕ್ಕ ಮೊದಲು ನನಗೇ ಹಾಕಿದಳು. ಆಮೇಲೆ ಬಕೆಟ್ಟನ್ನು ಓರೆ ಮಾಡಿ, ತಳದಲ್ಲಿದ್ದುದನ್ನು ಚೊಂಬಿಗೆ ಬಗ್ಗಿಸಿದಳು. ಚೊಂಬಿನ ಅರ್ಧಕ್ಕೂ ಬರಲಿಲ್ಲ. ಅಜ್ಜಿ ಅದರೊಳಗೆ ಇಣುಕಿ ನೋಡಿ, ಸೆರಗಿನಿಂದ ಅದರ ಬಾಯಿ ಮುಚ್ಚಿಕೊಂಡು ಹೊರಟಳು.

ನಾನು ನೋಡಿದೆ. ನನ್ನ ಕ್ಯಾನಿನಿಂದ ಒಂದು ಲೀಟರ್ ಬಗ್ಗಿಸಲು ಎರಡು ನಿಮಿಷ ಸಾಕಿತ್ತು. ಸ್ಕೂಟರ್ ಸ್ಟಾರ್ಟ್ ಮಾಡಿ ಬಂದೆ. ದಾರಿಯುದ್ದಕ್ಕೂ, ನನ್ನ ಮಗಳೂ ಸಣ್ಣಗಿದ್ದಾಳಲ್ಲ, ನಾನೇನು ನನಗಾಗಿ ಕೇಳಿದೆನೇ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ತೊಡೆಗಳ ನಡುವೆ ಆ ಕ್ಯಾನ್ ಬೆಚ್ಚಗಿತ್ತು. ಅದರ ಮುಕ್ಕಾಲು ಪಾಲು ತುಪ್ಪಕ್ಕೆ ಹೋಗುವುದಿತ್ತು.

ಮನಸ್ಸಿಗೆ ಅಷ್ಟು ಚುಚ್ಚಿದ್ದರಿಂದಲೋ ಏನೋ, ಅಕ್ಕನಿಗೆ ಏನಾದರೂ ಕೊಡಬೇಕು ಅನ್ನಿಸಿತು. ದುಡ್ಡು ಮುಟ್ಟುವುದಿಲ್ಲ, ತುಪ್ಪ ಕೊಡೋಣ ಎಂದುಕೊಂಡೆ. ಹಿಂದೆ ಮಗಳಿಗೆ ತರುತ್ತಿದ್ದ ಮಾಲ್ಟ್ ಪುಡಿಯ ಗಾಜಿನ ಬಾಟಲಿಯೊಂದಿತ್ತು, ಅದರ ಮೇಲೆ ಅವಳು ಚಿಟ್ಟೆಯ ಸ್ಟಿಕ್ಕರ್ ಅಂಟಿಸಿದ್ದಳು. ಅದರ ತುಂಬ ತುಪ್ಪ ತುಂಬಿ ಮುಂದಿನ ಸೋಮವಾರ ಅಕ್ಕನ ಕೈಗಿಟ್ಟೆ. ಅವಳಿಗೆ ನಿಜವಾಗಿ ಸಂತೋಷವಾಯಿತು. ಮುಚ್ಚಳ ತೆಗೆದು ಮೂಸಿ, ಇಂಥ ತುಪ್ಪ ನೋಡಿ ಎಷ್ಟು ಕಾಲವಾಯಿತು, ನಮ್ಮ ಮನೆಯ ಹಾಲೆಲ್ಲ ಡೈರಿಗೇ ಹೋಗುತ್ತದೆ ಎಂದಳು. ಬೇರೆ ಎಲ್ಲಾದರೂ ಹಾಲು ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಸುಳ್ಳು ಹೇಳಿದವಳಿಗೆ ಇನ್ನೊಂದು ಸುಳ್ಳು ಕಷ್ಟವಾಗಿರಲಿಲ್ಲ. ಆದರೆ ನನ್ನ ನಾಲಿಗೆ ಸ್ಟಾಫ್ ರೂಮಿನ ನಾಲಿಗೆ. ಹೊರಗಿನ ಹಾಲು ನಾನು ಮುಟ್ಟುವುದೇ ಇಲ್ಲ ಅಕ್ಕ, ಇದು ಪೂರ್ತಿ ನಿಮ್ಮ ಮನೆಯ ಹಾಲಿನದೇ ಎಂದು ಹೆಮ್ಮೆಯಿಂದ ಹೇಳಿದೆ.

ಅವಳು ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ ಮುಚ್ಚಿದಳು. ನಾನು ಸೋಮವಾರ ಬಿಟ್ಟು ಬೇರೆ ದಿನ ಹಾಲು ಒಯ್ಯದೆ ಮೂರು ತಿಂಗಳಾಗಿತ್ತು.

"ಎಪ್ಪಾಕುದ್ರಾ?" ಎಂದಳು.

ಸೋಮವಾರದ ಹಾಲಿಗೆ ಹೆಪ್ಪು ಹಾಕಿದಿರಾ ಎಂದು. ನಾನು ತಲೆ ತಗ್ಗಿಸಿದೆ.

"ಕೂಸು ಕುಡೀತದೆ ಅನ್ಕಂಡು ನಾ ಉಯ್ತಿದ್ದಿ ಕಣವ್ವ."

ಅಷ್ಟೇ ಅಂದದ್ದು. ದನಿ ಏರಿಸಲಿಲ್ಲ. ಬಾಟಲಿಯನ್ನು ಒಳಗೆ ಒಯ್ಯಲಿಲ್ಲ, ಜಗುಲಿಯ ಮೂಲೆಯಲ್ಲಿ ಇಟ್ಟಳು. ಆಮೇಲೆ ನನ್ನ ಕ್ಯಾನ್ ತೆಗೆದುಕೊಂಡು ಎಂದಿನಂತೆ ಕಂಠದವರೆಗೆ ತುಂಬಿದಳು, ಕೇಳಿ ಬಂದವರಿಗೆ ಇಲ್ಲ ಅನ್ನುವ ಹಾಗಿಲ್ಲವಲ್ಲ. ಬೇಡ ಅಕ್ಕ ಎಂದು ನಾನು ಹೇಳಬೇಕಿತ್ತು. ತೆಗೆದುಕೊಂಡು ಬಂದೆ. ಇವತ್ತಿಗೂ ನಾನು ಆ ಕ್ಯಾನನ್ನು ಹೇಗೆ ಕೈಯಲ್ಲಿ ಹಿಡಿದೆ ಎಂದು ನನಗೇ ಅರ್ಥವಾಗುವುದಿಲ್ಲ.

ಮಾರನೆಯ ದಿನ ಅವಳು ರಸ್ತೆಯ ಬದಿಗೆ ಬಂದು ನಿಂತು ನನ್ನ ಸ್ಕೂಟರಿಗೆ ಕೈ ಅಡ್ಡ ಹಿಡಿದಳು. ಬೈದರೆ ಬೈಸಿಕೊಳ್ಳೋಣ ಎಂದು ಇಳಿದೆ.

"ಬರೋ ಸೋಮಾರ ಕೂಸ್ನೇ ಕರ್ಕಬನ್ನಿ," ಎಂದಳು. "ಇಲ್ಲೇ ಕುಂತ್ಕಂಡು ಒಟ್ಟೆ ತುಂಬ ಕುಡ್ಕಂಡೋಗ್ಲಿ. ಕ್ಯಾನ್ ತರಬ್ಯಾಡಿ."

ಬರ್ತೀನಿ ಅಕ್ಕ ಎಂದೆ. ಹೋಗಲಿಲ್ಲ. ಮೂರು ಸೋಮವಾರ ಆ ಊರನ್ನೇ ತಪ್ಪಿಸಿ, ಕೆರೆಯ ಏರಿಯ ಮೇಲಿನ ಮಣ್ಣುದಾರಿಯಲ್ಲಿ ಸುತ್ತಿಕೊಂಡು ಮನೆಗೆ ಬಂದೆ. ಕ್ಯಾನ್ ಹಿಡಿದು ನಿಲ್ಲುವಾಗ ನಾನು ಟೀಚರಮ್ಮ. ಮಗುವನ್ನು ಕರೆದೊಯ್ದು ಜಗುಲಿಯ ಮೇಲೆ ಕೂರಿಸಿ ಕುಡಿಸಿದರೆ, ಇವಳ ಕೈಗೆ ಹಾಲು ಕೊಟ್ಟರೆ ನಂಬುವ ಹಾಗಿಲ್ಲ ಎಂದು ಊರಿಗೇ ಗೊತ್ತಾದ ಹಾಗೆ. ಮಗಳಿಗಾಗಿ, ಮಗಳಿಗಾಗಿ ಎಂದು ಅಷ್ಟು ತಿಂಗಳು ಕುಣಿದವಳು, ಅವಳಿಗೆಂದೇ ಕಾದಿರಿಸಿದ್ದ ಹಾಲನ್ನು ನನ್ನ ಮುಖ ಉಳಿಸಿಕೊಳ್ಳಲು ತಪ್ಪಿಸಿದೆ. ಹಾಲು ಕದ್ದದ್ದಕ್ಕಿಂತ ಇದು ನನಗೆ ಹೆಚ್ಚು ನಾಚಿಕೆ.

ಗಂಡ ಎರಡು ವಾರ ನೋಡಿದರು. ಹಾಲು ಯಾಕೆ ನಿಂತಿತು ಎಂದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಚಪ್ಪಲಿ ಮೆಟ್ಟಿಕೊಂಡು ಹೋಗಿ, ಮೂಲೆಯ ಅಂಗಡಿಯಿಂದ ಒಂದು ಪ್ಯಾಕೆಟ್ ಹಾಲು ತಂದು ಒಲೆಯ ಮೇಲಿಟ್ಟರು. ಮಗಳು ಲೋಟ ಖಾಲಿ ಮಾಡಿ, ಚೆನ್ನಾಗಿದೆ, ದಿನಾ ಇದನ್ನೇ ತನ್ನಿ ಎಂದಳು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ಅವಳು ಹೊರಗೆ ಹೋದ ಮೇಲೆ ಗಂಡ, ಒಂದು ಸಲ ಹೋಗಿ ತಪ್ಪಾಯಿತು ಅಂದುಬಿಡು, ಅಕ್ಕನಿಗೂ ಅನ್ನು, ಆ ಬಾಣಂತಿಯ ತಾಯಿಗೂ ಅನ್ನು ಎಂದರು. ಎಲ್ಲರೂ ಕೇಳುವ ಹಾಗೆ ಅಂದರೆ ಹಗುರವಾಗುತ್ತೀಯ ಎಂದೂ ಹೇಳಿದರು.

ನಾಲ್ಕನೆಯ ಸೋಮವಾರ ಶಾಲೆಯಿಂದ ಮನೆಗೆ ಬಂದು, ಮಗಳನ್ನು ಹಿಂದೆ ಕೂರಿಸಿಕೊಂಡು ವಾಪಸ್ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ. ಅಜ್ಜಿ, ನಿಮ್ಮ ಮಗಳಿಗೆ ಸೇರಬೇಕಾದ ಹಾಲನ್ನು ನಾನು ಒಯ್ದು ತುಪ್ಪ ಮಾಡಿದೆ. ಇಷ್ಟೇ ಮಾತು, ಸ್ಕೂಟರಿನ ಮೇಲೆ ಸಲೀಸಾಗಿ ಬರುತ್ತಿತ್ತು.

ಆಗಲೇ ಆರಾಗಿತ್ತು. ಜಗುಲಿಯ ಮೇಲೆ ಅಜ್ಜಿ ಚೊಂಬಿಟ್ಟುಕೊಂಡು ಕೂತಿದ್ದಳು, ಚೊಂಬು ತುಂಬಿತ್ತು. ನಾನು ಅವಳ ಪಕ್ಕದಲ್ಲಿ ಕೂತೆ. ಅಕ್ಕ ನನ್ನನ್ನು ಕಂಡು ಇಷ್ಟು ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. ದೊಡ್ಡ ಲೋಟದ ತುಂಬ ನೊರೆಹಾಲು ತಂದು ಮಗಳ ಕೈಗೆ ಕೊಟ್ಟಳು. ಅವಳು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದಳು, ಅಕ್ಕ ಇನ್ನೊಂದು ಲೋಟ ಹಾಕಿದಳು. ಅವಳ ತೋಳನ್ನು ಹಿಡಿದು ನೋಡಿ, ನೆಗಡಿ ಪೂರ್ತಿ ಹೋಯಿತಾ ಎಂದು ಕೇಳಿದಳು. ನನಗೆ ನೆಗಡಿಯೇ ಆಗಿರಲಿಲ್ಲ ಎಂದಳು ಮಗಳು. ಅಕ್ಕ ಹೌದಾ ಎಂದಳು.

ಇನ್ನು ಹೇಳಿಬಿಡಬೇಕು ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಮಗಳು ಬಾಗಿಲೊಳಗೆ ಕೈ ತೋರಿಸಿದಳು.

"ಅಮ್ಮ, ನಮ್ಮ ಬಾಟಲಿ."

ಒಳಗೆ ಗೋಡೆಯ ಗೂಡಿನಲ್ಲಿ ಮಾದಪ್ಪನ ಪಟ, ಅದರ ಮುಂದೆ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಚಿಟ್ಟೆಯ ಸ್ಟಿಕ್ಕರಿನ ಬಾಟಲಿ, ತುಪ್ಪ ಕಾಲು ಭಾಗ ಇಳಿದಿತ್ತು. ಮೀಸಲು ಹಾಲಿನ ತುಪ್ಪವನ್ನು ಆ ಮನೆಯವರು ತಿನ್ನುವ ಹಾಗಿರಲಿಲ್ಲ, ಚೆಲ್ಲುವ ಹಾಗೂ ಇರಲಿಲ್ಲ. ಅಕ್ಕ ಅದನ್ನು ಮಾದಪ್ಪನ ದೀಪಕ್ಕೇ ಒಪ್ಪಿಸಿದ್ದಳು.

ಅಜ್ಜಿ ದೀಪ ನೋಡಿದಳು, ಬಾಟಲಿ ನೋಡಿದಳು, ನನ್ನ ಕಡೆ ತಿರುಗಿದಳು. ಆ ತುಪ್ಪ ನಿಮ್ಮದಾ ಎಂದು ಕೇಳಿದಳು. ನಾನು ಹೌದು ಎಂದೆ. ಅವಳು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟಳು. ಕಬ್ಬಿನ ಸೋಗೆ ಗೀರಿದ ಕೈ, ಒರಟಾಗಿತ್ತು.

"ಮಾದಪ್ಪುನ್ ದೀಪಕ್ಕೆ ತುಪ್ಪ ಕೊಡೋರು ಈಗ ಯಾರವ್ವ ಅವ್ರೆ. ಒಳ್ಳೇದಾಗ್ಲಿ ಕಣವ್ವ ನಿಂಗೆ, ನಿನ್ ಕೂಸ್ಗೆ."

ಅಕ್ಕ ಖಾಲಿ ಲೋಟ ತೆಗೆದುಕೊಂಡು, ನನ್ನ ಮುಖ ನೋಡದೆ, ಒಳಗೆ ಎದ್ದು ಹೋದಳು. ಮಗಳು ತುಟಿಯ ಮೇಲಿನ ನೊರೆ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ಹೆಮ್ಮೆಯಿತ್ತು. ನಾನು ಅಜ್ಜಿಗೆ ಕೈ ಮುಗಿದೆ. ಅಲ್ಲ ಅನ್ನಲಿಲ್ಲ.